ಕಾಡಂಚಿನ ಹೊಲ ಮತ್ತು ಬೇಸಿಗೆಯ ಬೆಂಕಿ

ಬಿದಿರು ಉಜ್ಜಿ ತಾನಾಗಿಯೇ ಕಾಡಿಗೆ ಬೆಂಕಿ ಬೀಳುತ್ತದೆಯೇ, ಬಂಡೀಪುರದ ಅಂಚಿನ ನಿಮ್ಮ ಹೊಲಕ್ಕೆ ಏನು ಮುಂಜಾಗ್ರತೆ ಎಂದು ಕೇಳಿದ್ದೀರಿ. ಬಿದಿರಿನ ಮಾತು ಬಿಟ್ಟುಬಿಡಿ ಸರ್. ನಮ್ಮ ಕಡೆಯ ಕಾಡ್ಗಿಚ್ಚು ಹೆಚ್ಚುಕಡಿಮೆ ಎಲ್ಲವೂ ಮನುಷ್ಯರಿಂದಲೇ: ಆರಿಸದೆ ಎಸೆದ ಬೀಡಿ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಜೇನು ಕೀಳುವ ಪಂಜು, ಹೊಲದ ಕಸ ಸುಟ್ಟ ಬೆಂಕಿ. ಕೆಲವೊಮ್ಮೆ ಹಗೆತನವೂ.

ಫೆಬ್ರವರಿ ಹೊತ್ತಿಗೆ ಎಲೆ ಉದುರಿ ನೆಲವೆಲ್ಲ ತರಗು. ಅದರ ಮೇಲೆ ಲಂಟಾನ. ನೆಲದಲ್ಲಿ ಹರಿಯುವ ಬೆಂಕಿಯನ್ನು ಮರದ ಕೊಂಬೆಗೆ ಏಣಿಯಂತೆ ಹತ್ತಿಸುವುದು ಈ ಪೊದೆಯೇ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿದ್ದನ್ನು ಮರೆಯಲಾಗದು.

ಡಿಸೆಂಬರ್, ಜನವರಿಯಲ್ಲೇ ಹೊಲದ ಅಂಚಿನ ಹುಲ್ಲು, ಲಂಟಾನ ಕಿತ್ತು, ಉಳುಮೆ ಮಾಡಿ ಬರಿ ಮಣ್ಣಿನ ಪಟ್ಟಿ ಬಿಡಿ. ಅಗಲ ಇದ್ದಷ್ಟೂ ಒಳ್ಳೆಯದು. ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಸುಡಬೇಡಿ, ಸಾಲಿನ ನಡುವೆ ಹರಡಿದರೆ ತೇವವೂ ಉಳಿಯುತ್ತದೆ. ಆದರೆ ಕಾಡಿನ ಕಡೆಯ ಸಾಲುಗಳಲ್ಲಿ ಮಾತ್ರ ಹರಡಬೇಡಿ. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ ಕಚೇರಿಗೋ 112ಕ್ಕೋ ಫೋನ್ ಮಾಡಿ. ಹಸಿ ಸೊಪ್ಪಿನಿಂದ ಬಡಿದು ಆರಿಸುವುದು ಸಣ್ಣ ಬೆಂಕಿಗೆ ಮಾತ್ರ. ಗಾಳಿ ಎದ್ದರೆ ದಯವಿಟ್ಟು ಹತ್ತಿರ ಹೋಗಬೇಡಿ, ದನಕರು ಬಿಚ್ಚಿ ಹೊರಗೆ ಬನ್ನಿ.