ಅಳುವವಳು, ಅಳಿಸುವವಳು: ನಿಮ್ಮ ಲೇಖನದ ಬಗ್ಗೆ ಒಂದು ಪತ್ರ

ಆತ್ಮೀಯರೇ,

ಅಮೆರಿಕದ ಹಳೆಯ ಮಧ್ಯಾಹ್ನದ ಧಾರಾವಾಹಿಗಳಲ್ಲಿ ಹೆಣ್ಣು ಪಾತ್ರಗಳನ್ನು ಹೇಗೆ ಬರೆದರು ಎಂಬ ನಿಮ್ಮ ಹದಿನಾಲ್ಕು ಪುಟದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ವಿಷಯ ನನಗೂ ಇಷ್ಟದ್ದು. ಹಾಗಾಗಿ ಪತ್ರ ಸ್ವಲ್ಪ ಉದ್ದ ಆಗಬಹುದು.

ಮೊದಲ ಪ್ಯಾರಾದಲ್ಲೇ ನೀವು ಬರೆದಿದ್ದೀರಿ: ‘ಇಲ್ಲಿ ಹೆಣ್ಣು ಎರಡೇ ಬಗೆ. ಒಬ್ಬಳು ಅಳುವವಳು, ಇನ್ನೊಬ್ಬಳು ಅಳಿಸುವವಳು.’ ಚೆಂದದ ಮಾತು. ಓದಿದ ಕೂಡಲೇ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಲೇಖನ ಕೆಟ್ಟಿದ್ದೂ ಅದರಿಂದಲೇ. ಈ ಮಾತು ನಿಮಗೆ ಮೊದಲು ಹೊಳೆದಿದೆ. ಪಾತ್ರಗಳನ್ನು ಆಮೇಲೆ ಹುಡುಕಿ ತಂದು ಅದರೊಳಗೆ ತುರುಕಿದ್ದೀರಿ. ಲೇಖನದಲ್ಲಿ ಇಪ್ಪತ್ತೊಂದು ಹೆಂಗಸರ ಹೆಸರಿದೆ, ಎಣಿಸಿದೆ. ಅವರಲ್ಲಿ ಒಬ್ಬಳೂ ಬಾಯಿ ಬಿಟ್ಟು ಒಂದು ಮಾತಾಡುವುದಿಲ್ಲ. ಒಬ್ಬಳಿಗೂ ಒಂದು ದಿನ ಕಳೆದು ಇನ್ನೊಂದು ದಿನ ಬರುವುದಿಲ್ಲ.

ಆರನೇ ಪುಟದಲ್ಲಿ ಮೂರೇ ಸಾಲಿನಲ್ಲಿ ಬರ್ಟ್ ಬಾವರ್ ಬಂದು ಹೋಗುತ್ತಾಳೆ. ಅಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಕೂತೆ. ‘ದಿ ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರ ತನಕ ನಡೆದ ಧಾರಾವಾಹಿ. ಅದರಲ್ಲಿ ಬರ್ಟ್ ಪಾತ್ರವನ್ನು ಚಾರಿಟಾ ಬಾವರ್ 1950ರಿಂದ ಮೂವತ್ತಕ್ಕೂ ಜಾಸ್ತಿ ವರ್ಷ ಮಾಡಿದರು. ಮೊದಮೊದಲು ಈ ಬರ್ಟ್ ಗಂಡನ ಪ್ರಾಣ ಹಿಂಡುವ ಹೆಂಡತಿ. ಇದ್ದದ್ದು ಸಾಲದು, ಇನ್ನೂ ಬೇಕು ಅನ್ನುವವಳು. ಆಮೇಲೆ ಅದೇ ಗಂಡನ ಕುಡಿತವನ್ನು ಸಹಿಸಿ ಮನೆ ನಡೆಸಿದವಳು. ಕೊನೆಗೆ ಊರಿನವರೆಲ್ಲ ಕಷ್ಟ ಹೇಳಿಕೊಳ್ಳಲು ಅವಳ ಅಡುಗೆಮನೆಗೇ ಬರುತ್ತಿದ್ದರು. 1980ರ ದಶಕದಲ್ಲಿ ನಟಿಯ ಕಾಲನ್ನೇ ಕತ್ತರಿಸಬೇಕಾಗಿ ಬಂತು. ಕಥೆಯಲ್ಲಿ ಬರ್ಟ್ ಕೂಡ ಕಾಲು ಕಳೆದುಕೊಂಡಳು. ಈಗ ಹೇಳಿ, ಇವಳನ್ನು ನಿಮ್ಮ ಎರಡರಲ್ಲಿ ಯಾವ ಡಬ್ಬಿಗೆ ಹಾಕುತ್ತೀರಿ?

ಬರ್ಟ್ ಬದುಕಿನ ಒಂದು ತುಣುಕನ್ನಾದರೂ ಹತ್ತಿರದಿಂದ ತೋರಿಸಬೇಕಿತ್ತು. 1962ರ ಕಥೆಯನ್ನೇ ತೆಗೆದುಕೊಳ್ಳಿ. ಆಗ ಅದರ ಮುಖ್ಯ ಬರಹಗಾರ್ತಿ ಆಗ್ನೆಸ್ ನಿಕ್ಸನ್. ಅವರ ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಬೇಗನೆ ಪತ್ತೆ ಮಾಡುವ ಪ್ಯಾಪ್ ಪರೀಕ್ಷೆಯನ್ನು ಹೆಂಗಸರು ಸಕಾಲಕ್ಕೆ ಮಾಡಿಸಿಕೊಂಡರೆ ಜೀವ ಉಳಿಯುತ್ತದೆ ಎಂದು ಬರ್ಟ್ ಮೂಲಕ ಹೇಳಬೇಕು ಅನ್ನುವುದು ನಿಕ್ಸನ್ ಆಸೆ. ಪ್ರಾಯೋಜಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರೂ ಚಾನೆಲ್‌ನವರೂ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ‘ಕ್ಯಾನ್ಸರ್’ ಅನ್ನಬಾರದು. ‘ಗರ್ಭಕೋಶ’ ಅನ್ನಬಾರದು. ಗರ್ಭಕೋಶ ತೆಗೆಯುವ ಆಪರೇಷನ್ನಿನ ಹೆಸರೂ ಬಾಯಿಗೆ ಬರಬಾರದು. ಈ ಮೂರು ಪದ ಬಿಟ್ಟು ಡಾಕ್ಟರು ಒಬ್ಬ ಹೆಂಗಸಿಗೆ ಆ ಸುದ್ದಿ ಹೇಳುವ ದೃಶ್ಯವನ್ನು ನೀವೇ ಒಂದು ಸಲ ಬರೆದು ನೋಡಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಲೂ ಕೂತು ಬರೆಯಿರಿ. ಆ ಬರಹಗಾರರ ಕೈ ಎಲ್ಲೆಲ್ಲಿ ಕಟ್ಟಿತ್ತು, ಕಟ್ಟಿದ ಕೈಯಲ್ಲೇ ಏನು ಮಾಡಿದರು ಅನ್ನುವುದು ಆಗ ತಿಳಿಯುತ್ತದೆ. ನೀವು ಇದನ್ನು ‘ಮತ್ತೊಂದು ಕಾಯಿಲೆಯ ಕಥೆ’ ಎಂದು ಮುಗಿಸಿದ್ದೀರಿ. ಅದನ್ನು ಓದಿ ನನಗೆ ಬೇಸರವಾಯಿತು.

‘ಗಂಡಸರು ಬರೆದ ಹೆಂಗಸರು’ ಎಂಬ ನಿಮ್ಮ ಉಪಶೀರ್ಷಿಕೆ ತಪ್ಪು. ತೆಗೆದುಬಿಡಿ. ಈ ಪ್ರಕಾರಕ್ಕೆ ಅಡಿಪಾಯ ಹಾಕಿದವರೇ ಇರ್ನಾ ಫಿಲಿಪ್ಸ್. ಮೊದಲು ಟೀಚರ್ ಆಗಿದ್ದವರು. 1930ರಲ್ಲಿ ಷಿಕಾಗೋದ ಡಬ್ಲ್ಯೂಜಿಎನ್ ರೇಡಿಯೋಗೆ ‘ಪೇಂಟೆಡ್ ಡ್ರೀಮ್ಸ್’ ಬರೆದರು. ನೀವು ಹೆಸರಿಸಿರುವ ‘ದಿ ಗೈಡಿಂಗ್ ಲೈಟ್’, ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಎರಡರ ಹಿಂದೆಯೂ ಅವರಿದ್ದಾರೆ. ಕೂತು ಬರೆಯುವ ರೂಢಿ ಅವರಿಗಿರಲಿಲ್ಲ. ಒಂದೊಂದು ಪಾತ್ರದ ದನಿಯಲ್ಲೂ ತಾವೇ ಮಾತಾಡುತ್ತಾ ಹೋಗುತ್ತಿದ್ದರು, ಸೆಕ್ರೆಟರಿ ಅದನ್ನು ಬರೆದುಕೊಳ್ಳುತ್ತಿದ್ದರು. ಫಿಲಿಪ್ಸ್ ಮದುವೆಯಾಗಲಿಲ್ಲ. ಎರಡು ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಗಂಡ, ಹೆಂಡತಿ, ಸಂಸಾರವೇ ಹೆಣ್ಣಿನ ನೆಲೆ ಎಂಬ ಕಥೆಗಳನ್ನು ಇಡೀ ದೇಶಕ್ಕೆ ದಿನಾ ಹೇಳಿದವರು ಹಾಗೆ ಬದುಕಿದವರಲ್ಲ. ನಿಮ್ಮ ಲೇಖನದ ನಿಜವಾದ ಗಂಟು ಇಲ್ಲಿದೆ, ಅಲ್ವಾ? ನೀವು ಅದರ ಪಕ್ಕದಲ್ಲೇ ಹಾದು ಹೋಗಿದ್ದೀರಿ.

ಹೆಂಗಸು ಬರೆದ ಮಾತ್ರಕ್ಕೆ ಎಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಒಂಬತ್ತನೇ ಪುಟದಲ್ಲಿ ‘ಜನರಲ್ ಹಾಸ್ಪಿಟಲ್’ನ ಲ್ಯೂಕ್ ಮತ್ತು ಲಾರಾ ಮದುವೆಯನ್ನು ‘ಪ್ರೇಮದ ಗೆಲುವು’ ಎಂದು ಬರೆದಿದ್ದೀರಿ. 1981ರ ನವೆಂಬರ್‌ನಲ್ಲಿ ಆ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಅದು ಸರಿ. ಆದರೆ 1979ರಲ್ಲಿ, ಒಂದು ಡಿಸ್ಕೋದಲ್ಲಿ, ಇದೇ ಲ್ಯೂಕ್ ಇದೇ ಲಾರಾಳ ಮೇಲೆ ಅತ್ಯಾಚಾರ ಮಾಡಿದ್ದ. ಆಗ ಲಾರಾ ಪಾತ್ರ ಮಾಡುತ್ತಿದ್ದ ಜೀನಿ ಫ್ರಾನ್ಸಿಸ್‌ಗೆ ಹದಿನೇಳು ವರ್ಷ. ಆಮೇಲೆ ಧಾರಾವಾಹಿ ಆ ಘಟನೆಗೆ ಬೇರೆ ಹೆಸರಿಟ್ಟು, ಅದನ್ನೇ ಪ್ರೇಮದ ಮೊದಲ ಅಧ್ಯಾಯ ಮಾಡಿತು. ನಿರ್ಮಾಣದ ಹೊಣೆ ಹೊತ್ತಿದ್ದವರು ಗ್ಲೋರಿಯಾ ಮಾಂಟಿ, ಒಬ್ಬ ಹೆಂಗಸು. ಈ ಇಡೀ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲ. ಮರೆತಿರೋ, ಬೇಡ ಅನ್ನಿಸಿತೋ ನನಗೆ ತಿಳಿಯದು. ಅದನ್ನು ಬಿಟ್ಟು ಈ ವಿಷಯ ಬರೆಯಲು ಆಗುವುದಿಲ್ಲ. ಲಾರಾಗೆ ಏನಾಯಿತು ಅನ್ನುವುದನ್ನು ಧಾರಾವಾಹಿ ನೇರವಾಗಿ ಎದುರಿಸಿದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಅವರ ಮಗ ದೊಡ್ಡವನಾಗಿದ್ದ. ಅವನಿಗೆ ವಿಷಯ ತಿಳಿಯಿತು, ಮನೆಯೊಳಗೆ ಮಾತು ಎದ್ದಿತು. ಹತ್ತೊಂಬತ್ತು ವರ್ಷ! ಅಷ್ಟು ವರ್ಷ ಆ ಪಾತ್ರ ತನಗಾದ ನೋವಿಗೆ ಸರಿಯಾದ ಹೆಸರಿಲ್ಲದೆ ಪ್ರೀತಿಯ ಹೆಂಡತಿಯಾಗಿ ನಗುತ್ತಿತ್ತು. ಇದನ್ನು ಬರೆಯಿರಿ. ಕೋಪ ಬಂದರೆ ಕೋಪದಿಂದಲೇ ಬರೆಯಿರಿ.

ಎರಿಕಾ ಕೇನ್ ವಿಷಯದಲ್ಲೂ ಹೀಗೇ ಅವಸರ ಮಾಡಿದ್ದೀರಿ. ‘ಆಲ್ ಮೈ ಚಿಲ್ಡ್ರನ್’ 1970ರಲ್ಲಿ ಶುರುವಾಯಿತು. ಸುಸಾನ್ ಲೂಚಿ ಮಾಡಿದ ಎರಿಕಾಳನ್ನು ನೀವು ‘ಅಳಿಸುವವಳು’ ಎಂದು ತಳ್ಳಿಹಾಕಿದ್ದೀರಿ. 1973ರಲ್ಲಿ ಅವಳು ಗರ್ಭಪಾತ ಮಾಡಿಸಿಕೊಂಡಳು. ಜೀವಕ್ಕೆ ಅಪಾಯ ಇತ್ತು ಅಂತಲ್ಲ. ಮಾಡೆಲ್ ಆಗಬೇಕಿತ್ತು, ಮಗು ಬೇಡವಾಗಿತ್ತು. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ರೋ ವಿರುದ್ಧ ವೇಡ್’ ಮೊಕದ್ದಮೆಯಲ್ಲಿ ಗರ್ಭಪಾತ ಹೆಣ್ಣಿನ ಹಕ್ಕು ಎಂದು ತೀರ್ಪು ಕೊಟ್ಟಿತ್ತು. ಇದರ ಪಕ್ಕದಲ್ಲಿ 1964ರ ‘ಅನದರ್ ವರ್ಲ್ಡ್’ನ ಪ್ಯಾಟ್ ಮ್ಯಾಥ್ಯೂಸ್ ಕಥೆ ಇಟ್ಟು ನೋಡಿ. ಅವಳದು ಕದ್ದುಮುಚ್ಚಿ ಮಾಡಿಸಿದ ಗರ್ಭಪಾತ. ಕೊನೆಗೆ ಅವಳು ತನ್ನನ್ನು ಆ ಸ್ಥಿತಿಗೆ ತಂದವನನ್ನೇ ಗುಂಡಿಟ್ಟು ಕೊಂದು ಕೋರ್ಟಿನಲ್ಲಿ ನಿಲ್ಲುತ್ತಾಳೆ. ಒಂಬತ್ತೇ ವರ್ಷದಲ್ಲಿ ಎಷ್ಟು ದೂರ ಬಂದರು! ಆದರೆ ಮೂವತ್ತು ವರ್ಷದ ಮೇಲೆ ಹೊಸ ಬರಹಗಾರರು ಏನು ಮಾಡಿದರು ಗೊತ್ತೇ? ಎರಿಕಾಳ ಆ ಗರ್ಭವನ್ನು ಡಾಕ್ಟರು ಗುಟ್ಟಾಗಿ ಬೇರೆ ಹೆಂಗಸಿನೊಳಗೆ ಇಟ್ಟಿದ್ದ, ಮಗು ಬದುಕಿದೆ ಎಂದು ಕಥೆ ತಿರುಗಿಸಿದರು. ಎರಿಕಾ ಎಂದೋ ತೆಗೆದುಕೊಂಡ ತೀರ್ಮಾನವನ್ನು ಅವಳ ಕೈಯಿಂದ ಕಿತ್ತುಕೊಂಡರು. ನನ್ನ ಮಟ್ಟಿಗೆ ಇದು ಆ ಪಾತ್ರಕ್ಕೆ ಮಾಡಿದ ದ್ರೋಹ. ನೀವು ಒಪ್ಪದೇ ಇರಬಹುದು. ಆದರೆ ಒಂದು ನಿಲುವಂತೂ ಬೇಕು.

ಮಾತು ಮತ್ತೆ ಮತ್ತೆ ಅದೇ ಬರುತ್ತದೆ ಎಂದು ಎರಡು ಪುಟ ಬೈದಿದ್ದೀರಿ. ಅಷ್ಟು ಬೇಡ. ವಾರಕ್ಕೆ ಐದು ದಿನ ಬರುವ ಕಥೆ ಅದು. ನೋಡುವವಳು ಇಸ್ತ್ರಿ ಮಾಡುತ್ತಾ, ಮಗುವನ್ನು ಎತ್ತಿಕೊಂಡು, ಅರ್ಧ ಕಿವಿಯಲ್ಲಿ ಕೇಳುತ್ತಾಳೆ ಎಂದು ತಿಳಿದೇ ಬರೆದದ್ದು. ಒಂದು ಪ್ಯಾರಾದಲ್ಲಿ ಇದನ್ನು ಹೇಳಿ ಮುಂದೆ ಹೋಗಿ.

ಕರಿಯ ಹೆಂಗಸರ ಮಾತೇ ನಿಮ್ಮ ಲೇಖನದಲ್ಲಿಲ್ಲ. 1968ರ ‘ಒನ್ ಲೈಫ್ ಟು ಲಿವ್’ನ ಕಾರ್ಲಾ ಒಬ್ಬಳಾದರೂ ಬರಬೇಕು. ಎಲೆನ್ ಹಾಲಿ ಮಾಡಿದ ಈ ಪಾತ್ರವನ್ನು ವೀಕ್ಷಕರು ತಿಂಗಳುಗಟ್ಟಲೆ ಬಿಳಿಯಳು ಎಂದೇ ನಂಬಿದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕರಿಯ ಹೆಂಗಸು ಸೇಡಿ ಗ್ರೇ ಇವಳ ತಾಯಿ ಎಂದು ಗೊತ್ತಾಗಿದ್ದು ಆಮೇಲೆ. ತನ್ನ ಹೆತ್ತವಳನ್ನು ತನ್ನವಳಲ್ಲ ಎಂದು ತೋರಿಸಿಕೊಂಡು ಬದುಕಿದ ಮಗಳು ಅವಳು. ಅವಳು ಅಳುವವಳೋ, ಅಳಿಸುವವಳೋ?

ಈ ಬರಹಗಾರರ ಹತ್ತಿರ ಇದ್ದ ದೊಡ್ಡ ಆಸ್ತಿ ಕಾಲ. ನೀವು ಆ ಕಾಲವನ್ನೇ ಲೇಖನದಿಂದ ಹೊರಗಿಟ್ಟಿದ್ದೀರಿ. ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ 1956ರ ಏಪ್ರಿಲ್ 2ರಂದು ಶುರುವಾದಾಗ ಮೊದಲ ಮಾತು ಆಡಿದವಳು ನ್ಯಾನ್ಸಿ ಹ್ಯೂಸ್: ‘ಗುಡ್ ಮಾರ್ನಿಂಗ್, ಡಿಯರ್.’ ಆ ಮಾತಾಡಿದ ಹೆಲನ್ ವ್ಯಾಗ್ನರ್ 2010ರಲ್ಲಿ ತೀರಿಕೊಳ್ಳುವಾಗಲೂ ನ್ಯಾನ್ಸಿಯೇ ಆಗಿದ್ದರು. ಅದೇ ಮನೆಗೆ ಸೊಸೆಯಾಗಿ ಬಂದ ಲೀಸಾ ಊರೆಲ್ಲ ಬೈಯುವ ಹೆಂಗಸು. ಆ ಪಾತ್ರ ಮಾಡಿದ ಐಲೀನ್ ಫುಲ್ಟನ್, ಲೀಸಾಳನ್ನು ಅಜ್ಜಿ ಮಾಡಬಾರದು ಎಂದು ಕರಾರಿನಲ್ಲೇ ಬರೆಸಿಕೊಂಡಿದ್ದರು. ಒಬ್ಬಳು ವೀಕ್ಷಕರ ಕಣ್ಣೆದುರೇ ಮುಪ್ಪಾದಳು. ಇನ್ನೊಬ್ಬಳ ಮುಪ್ಪನ್ನು ಕಾಗದದ ಮೇಲೆ ತಡೆದರು. ಈ ಇಬ್ಬರು ಅತ್ತೆ ಸೊಸೆಯ ಬಗ್ಗೆ ನಿಮ್ಮಿಂದಲೇ ಇನ್ನೊಂದು ಲೇಖನ ಬರೆಸಬಹುದು ಅನ್ನಿಸುತ್ತದೆ.

ಸದ್ಯಕ್ಕೆ ಇಪ್ಪತ್ತೊಂದು ಹೆಸರಲ್ಲಿ ಹದಿನೆಂಟನ್ನು ಬಿಡಿ. ಬರ್ಟ್, ಲಾರಾ, ಕಾರ್ಲಾ ಸಾಕು. ನಮ್ಮ ಓದುಗರಲ್ಲಿ ಜಾಸ್ತಿ ಜನ ಈ ಧಾರಾವಾಹಿಗಳನ್ನು ನೋಡಿಲ್ಲ. ಹಾಗಾಗಿ ನೀವು ತೋರಿಸಿದಷ್ಟೇ ಅವರಿಗೆ ಕಾಣುವುದು. ಒಬ್ಬೊಬ್ಬಳಿಗೂ ಒಂದೊಂದು ದೃಶ್ಯ ಕೊಡಿ: ಎಲ್ಲಿ ನಿಂತಿದ್ದಾಳೆ, ಎದುರಿಗೆ ಯಾರು, ಏನು ಹೇಳಿದಳು, ಏನು ಹೇಳಲಿಲ್ಲ. ನಿಮ್ಮ ವಾಕ್ಯಗಳು ಚಿಕ್ಕವು, ಓಟ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. ಮೊದಲ ಪ್ಯಾರಾದ ಆ ಎರಡು ಬಗೆಯ ಮಾತನ್ನು ಮಾತ್ರ ತೆಗೆದಿಟ್ಟು ಬರೆಯಲು ಕೂತುಕೊಳ್ಳಿ.

ಆರನೇ ಪುಟದ ಆ ಮೂರು ಸಾಲಿನಿಂದ ಶುರು ಮಾಡಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ನಿಮ್ಮ ಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹೊಸದು ಬಂದಾಗ ಮೊದಲು ಓದುವವನು ನಾನೇ.

ಪ್ರೀತಿಯಿಂದ,
ಸಂಪಾದಕ