ಕಾರ್ಬನ್ ಫೈಬರ್ ಪಟ್ಟಿ ಗ್ರಿಪ್ ಪಕ್ಕದಲ್ಲೇ ಮುರಿಯೋದು ಯಾಕೆ?

ಪ್ರಶ್ನೆ: ಕಾರ್ಬನ್ ಫೈಬರ್ ಎಳೆಗಳನ್ನು ಎಪಾಕ್ಸಿ ರೆಸಿನ್ನಿನಲ್ಲಿ (ಗಟ್ಟಿಯಾಗುವ ಅಂಟಿನಲ್ಲಿ) ಕೂರಿಸಿದ ಪಟ್ಟಿಗಳನ್ನು ಎಳೆದು ಪರೀಕ್ಷಿಸುತ್ತಿದ್ದೇನೆ. ಎಳೆಗಳೆಲ್ಲ ಪಟ್ಟಿಯ ಉದ್ದಕ್ಕೇ ಇವೆ, ತುದಿಗಳಿಗೆ ಟ್ಯಾಬ್ (ಗ್ರಿಪ್ ಕಚ್ಚುವ ಕಡೆ ಅಂಟಿಸುವ ರಕ್ಷಣೆಯ ತುಂಡು) ಅಂಟಿಸಿಲ್ಲ. ಐದರಲ್ಲಿ ನಾಲ್ಕು ಗ್ರಿಪ್ (ಪಟ್ಟಿಯನ್ನು ಕಚ್ಚಿ ಹಿಡಿಯುವ ಯಂತ್ರದ ಭಾಗ) ಪಕ್ಕದಲ್ಲೇ ಮುರಿದವು, ಬಲ 900 ಮೆಗಾಪ್ಯಾಸ್ಕಲ್ ದಾಟಲಿಲ್ಲ. ಒಂದು ಮಾತ್ರ ನಡುವೆ ಮುರಿದು 1400 ಬಂತು. ಅದೊಂದನ್ನು ಲೆಕ್ಕದಿಂದ ಬಿಡಬಹುದಾ? ಮಾಡ್ಯುಲಸ್ (ಹಿಗ್ಗದೆ ತಡೆಯುವ ಬಿಗಿತ) ಕೂಡ 130 ಗಿಗಾಪ್ಯಾಸ್ಕಲ್ ಬರಬೇಕಿತ್ತು, 60 ಬಂದಿದೆ.

ಉತ್ತರ: ಬಿಡೋದಾದ್ರೆ ಆ ನಾಲ್ಕನ್ನು ಬಿಡಿ! ನಿಮ್ಮ ಲ್ಯಾಮಿನೇಟಿನ (ಎಳೆ, ರೆಸಿನ್ ಸೇರಿದ ಹಾಳೆಯ) ಬಲ ಹೇಳುತ್ತಿರುವುದು ನಡುವೆ ಮುರಿದದ್ದು. ಉಳಿದವು ಗ್ರಿಪ್ ಎಷ್ಟು ಜೋರಾಗಿ ಕಚ್ಚಿತು ಅನ್ನೋದನ್ನಷ್ಟೇ ಹೇಳುತ್ತಿವೆ. ಹಾಗಂತ ಒಂದೇ ಪಟ್ಟಿ ನಂಬಿ ವರದಿ ಬರೆಯೋಕಾಗಲ್ಲ, ಸರಿಯಾಗಿ ಮುರಿದವು ಐದಾದರೂ ಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಎಎಸ್‌ಟಿಎಂ ಡಿ3039 (ಈ ಎಳೆತದ ಪರೀಕ್ಷೆಯ ಮಾನದಂಡ) ಇಂಥ ಪಟ್ಟಿಗೆ ಸೂಚಿಸುವ ಅಳತೆ 15 ಮಿ.ಮೀ. ಅಗಲ, 1 ಮಿ.ಮೀ. ದಪ್ಪ, 250 ಮಿ.ಮೀ. ಉದ್ದ. ಆ ಅಳತೆಯ ಪಟ್ಟಿಯಲ್ಲಿ 1500 ಮೆಗಾಪ್ಯಾಸ್ಕಲ್ ಅಂದರೆ 22.5 ಕಿಲೋನ್ಯೂಟನ್, ಎರಡು ಟನ್ನಿಗೂ ಜಾಸ್ತಿ ಭಾರ. ಅಷ್ಟೂ ಆ ಬಡಕಲು ಪಟ್ಟಿಯ ಎರಡು ಮೈಗಳ ಮೂಲಕವೇ ಒಳಗೆ ಹೋಗಬೇಕು. ಉಕ್ಕಾಗಿದ್ದರೆ ಗ್ರಿಪ್ಪಿನ ಹಲ್ಲು ಕಚ್ಚಿದ ಕಡೆ ಸ್ವಲ್ಪ ಹಿಗ್ಗಿ ಹೊಂದಿಕೊಳ್ಳುತ್ತಿತ್ತು, ಆದರೆ ಕಾರ್ಬನ್ ಎಳೆಗೆ ಆ ಗುಣವೇ ಇಲ್ಲ, ಮೇಲಿನ ನಾಲ್ಕು ಎಳೆ ಕತ್ತರಿಸಿದರೆ ಅಲ್ಲಿಂದಲೇ ಒಡಕು ಶುರು.

ಅದಕ್ಕೇ ಟ್ಯಾಬ್ ಬೇಕು. ಗ್ಲಾಸ್ ಫೈಬರ್, ಎಪಾಕ್ಸಿ ತುಂಡು, 1.5 ಮಿ.ಮೀ. ದಪ್ಪ, 56 ಮಿ.ಮೀ. ಉದ್ದ. ಒಳತುದಿಯನ್ನು ಸುಮಾರು 7 ಡಿಗ್ರಿ ಇಳಿಜಾರಾಗಿ ಸವೆಸಿ, ಆಗ ಬಲ ಒಮ್ಮೆಲೇ ನುಗ್ಗದೆ ಮೆಲ್ಲಗೆ ಏರುತ್ತದೆ. ಅಂಟು ಗಾಜಿನ ಹಾಗೆ ಪೆಡಸಾಗಿರಬಾರದು. ಗ್ರಿಪ್ ಒತ್ತಡ ಪಟ್ಟಿ ಜಾರದಷ್ಟು ಇದ್ದರೆ ಸಾಕು.

ಮಾಡ್ಯುಲಸ್ ವಿಷಯಕ್ಕೆ ಬಂದರೆ, ನೀವು ಕ್ರಾಸ್‌ಹೆಡ್ (ಯಂತ್ರದ ಚಲಿಸುವ ಅಡ್ಡತೊಲೆ) ಸರಿದ ದೂರದಿಂದ ಲೆಕ್ಕ ಹಾಕಿದ್ದೀರಿ, ಅಲ್ವಾ? 250ರಲ್ಲಿ ಎರಡೂ ತುದಿಯ ಟ್ಯಾಬ್ ಜಾಗ ಕಳೆದರೆ ಉಳಿಯೋದು 138 ಮಿ.ಮೀ. ಅದು ಮುರಿಯುವ ತನಕ ಹಿಗ್ಗೋದು ಒಂದೂವರೆ ಮಿ.ಮೀ. ಆಸುಪಾಸು, ಅಷ್ಟೇ! ಗ್ರಿಪ್ ಜಾರಿದ್ದು, ಯಂತ್ರದ ಚೌಕಟ್ಟು ಹಿಗ್ಗಿದ್ದು ಎಲ್ಲ ಸೇರಿ ಇನ್ನೊಂದೂವರೆ ಆದರೆ ಮಾಡ್ಯುಲಸ್ ಸೀದಾ ಅರ್ಧ. ಎಕ್ಸ್‌ಟೆನ್ಸೋಮೀಟರ್ ಅಥವಾ ಸ್ಟ್ರೈನ್ ಗೇಜ್ (ಪಟ್ಟಿಯ ಮೇಲೇ ಕೂತು ಅದರ ಹಿಗ್ಗುವಿಕೆ ಅಳೆಯುವ ಸಾಧನಗಳು) ಇಲ್ಲದೆ ಈ ಅಂಕಿ ಬರೆಯಲೇಬೇಡಿ. 0.1 ರಿಂದ 0.3 ಶೇಕಡಾ ಹಿಗ್ಗುವಿಕೆಯ ನಡುವೆ ಗ್ರಾಫಿನ ಗೆರೆಯ ಇಳಿಜಾರನ್ನು ಮಾಡ್ಯುಲಸ್ ಅಂತ ತೆಗೆದುಕೊಳ್ಳಿ. ಹೀಗೆ ಅಳೆದ ಮೇಲೂ 100 ಗಿಗಾಪ್ಯಾಸ್ಕಲ್ ಹತ್ತಿರವೇ ನಿಂತರೆ ಆಗ ಲ್ಯಾಮಿನೇಟನ್ನು ಅನುಮಾನಿಸಿ. ಸಾಮಾನ್ಯ ಎಳೆಯ ಮಾಡ್ಯುಲಸ್ 230 ಗಿಗಾಪ್ಯಾಸ್ಕಲ್. ಗಾತ್ರದಲ್ಲಿ 60 ಶೇಕಡಾ ಎಳೆ ಇದ್ದರೆ 138, ಬರೀ 45 ಇದ್ದರೆ 103. ರೆಸಿನ್ ಜಾಸ್ತಿಯಾಗಿದೆ ಅಂತ ಅರ್ಥ.

ಇನ್ನೊಂದು, ಮುರಿದ ತುಂಡುಗಳನ್ನು ಬಿಸಾಡಿಲ್ಲ ತಾನೇ? ಒಡಕು ಎಳೆಗುಂಟ ಓರೆಯಾಗಿ ಅಂಚಿಗೆ ಓಡಿದ್ದರೆ ಪಟ್ಟಿ ಕತ್ತರಿಸುವಾಗಲೇ ಓರೆಯಾಗಿದೆ. 5 ಡಿಗ್ರಿ ಓರೆ ಸಾಕು, ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಆಗ ಎಳೆಗೆ ಮುಂಚೆ ರೆಸಿನ್ ಸೋಲುತ್ತದೆ.

ಕ್ಲಿಪ್ ಹಾಕುವ ಎಕ್ಸ್‌ಟೆನ್ಸೋಮೀಟರ್ ಆದರೆ ಪಟ್ಟಿ ಮುರಿಯೋಕೆ ಮುಂಚೆ ಬಿಚ್ಚಿಡಿ, ಇವು ಪಟಾಕಿಯ ಹಾಗೆ ಸಿಡಿಯುತ್ತವೆ. ಕನ್ನಡಕ ಹಾಕಿಕೊಳ್ಳಿ. ಕತ್ತರಿಸುವಾಗ ಬರುವ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಕಂಪ್ಯೂಟರ್ ಪಕ್ಕ ಆ ಕೆಲಸ ಬೇಡ.