ತಲೆಪೆಟ್ಟು, ಜ್ವರ ಮತ್ತು ಐಸಿನ ಗಡ್ಡೆ

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ನನ್ನ ತಮ್ಮ ಆರು ದಿನಗಳಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾನೆ. ಜ್ವರ 102ರಿಂದ ಇಳಿಯುತ್ತಿಲ್ಲ. ಮೈತುಂಬ ಐಸ್ ಇಟ್ಟು ಮಿದುಳನ್ನು ಪೂರ್ತಿ ತಂಪು ಮಾಡಬಾರದೇಕೆ?

ಉತ್ತರ: ಐಸಿಯು ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸುವವರಲ್ಲಿ ಬಹಳಷ್ಟು ಮಂದಿ ಕೇಳುವುದು ಈ ಐಸಿನ ಮಾತನ್ನೇ. ನಿಮ್ಮ ಆತಂಕದಲ್ಲಿ ಅರ್ಧ ನಿಜವಿದೆ. ತಾಪ ಏರಿದಷ್ಟೂ ಗಾಯಗೊಂಡ ಮಿದುಳಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ರಕ್ತದ ಹರಿವು ಹೆಚ್ಚುತ್ತದೆ, ಬುರುಡೆ ಹಿಗ್ಗುವಂಥದ್ದಲ್ಲವಾದ್ದರಿಂದ ಒಳಗಿನ ಒತ್ತಡವೂ ಏರುತ್ತದೆ. ಆದರೆ ಜ್ವರದಲ್ಲಿ ಮಿದುಳಿನ ಹೈಪೊಥಲಾಮಸ್ ತಾನೇ ತಾಪದ ಗುರಿಯನ್ನು ಮೇಲಕ್ಕೆ ಏರಿಸಿಕೊಂಡಿರುತ್ತದೆ. ಆ ಗುರಿಯನ್ನು ಇಳಿಸದೆ ಚರ್ಮಕ್ಕೆ ಐಸ್ ಒತ್ತಿದರೆ ಚರ್ಮದ ರಕ್ತನಾಳಗಳು ಮುದುಡಿ, ಮೈ ನಡುಗತೊಡಗಿ, ದೇಹದ ಆಮ್ಲಜನಕದ ಬಳಕೆ ಇಮ್ಮಡಿಯಾಗಬಹುದು. ಆದ್ದರಿಂದಲೇ ಮೊದಲು ಪ್ಯಾರಾಸಿಟಮಾಲ್, ಆಮೇಲೆ ತಂಪು ಹೊದಿಕೆ, ಜೊತೆಗೆ ನಡುಕ ತಡೆಯಲು ಮಂಪರಿನ ಔಷಧ ಅಥವಾ ಮೆಗ್ನೀಸಿಯಂ. ಜ್ವರದ ರೋಗಿಯ ಕೈಕಾಲಿಗೆ ಬೆಚ್ಚನೆಯ ಹೊದಿಕೆ ಹಾಕುವುದೂ ಈ ನಡುಕ ತಡೆಯುವುದಕ್ಕೇ. ಅದನ್ನು ಕಂಡು ದಯವಿಟ್ಟು ನರ್ಸ್ ಮೇಲೆ ಹರಿಹಾಯಬೇಡಿ.

ಇನ್ನು ‘ಪೂರ್ತಿ ತಂಪು’. 2015ರಲ್ಲಿ ಪ್ರಕಟವಾದ ಯೂರೋಥರ್ಮ್ ಅಧ್ಯಯನದಲ್ಲಿ ಮಿದುಳಿನ ಒತ್ತಡ ಏರಿದ್ದ ರೋಗಿಗಳನ್ನು 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದಾಗ, ಹಾಗೆ ತಂಪು ಮಾಡಿಸಿಕೊಂಡವರ ಸ್ಥಿತಿಯೇ ಹೆಚ್ಚು ಕೆಟ್ಟಿತು. 2018ರ ಪೋಲಾರ್ ಅಧ್ಯಯನದಲ್ಲಿ ಅಪಘಾತವಾದ ಕೂಡಲೇ ತಂಪು ಮಾಡಿದರೂ ಲಾಭ ಕಾಣಲಿಲ್ಲ. ನಾನು ತಾಪವನ್ನು 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ದಾಟದಂತೆ ನೋಡಿಕೊಳ್ಳುತ್ತೇನೆ, ಸಹಜಕ್ಕಿಂತ ಕೆಳಗೆ ತಳ್ಳುವುದಿಲ್ಲ. ಜ್ವರ ಇಳಿಸಿದ ಮಾತ್ರಕ್ಕೆ ರೋಗಿ ಎದ್ದು ಕೂರುತ್ತಾನೆಂಬ ಭರವಸೆಯನ್ನೂ ಯಾರಿಗೂ ಕೊಡುವುದಿಲ್ಲ.

ನೀವು ಕೇಳಬೇಕಾದ ಪ್ರಶ್ನೆ, ಜ್ವರ ಎಲ್ಲಿಂದ ಬಂತು ಎಂಬುದು. ವೆಂಟಿಲೇಟರ್‌ನಿಂದ ಶ್ವಾಸಕೋಶದ ಸೋಂಕು, ಮೂತ್ರನಳಿಕೆ, ಔಷಧ ಕೊಡಲು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಲೈನ್, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಅಷ್ಟೇ ಏಕೆ, ಫಿಟ್ಸ್ ತಡೆಯಲು ಕೊಟ್ಟ ಫೆನಿಟಾಯಿನ್ ಕೂಡ ಜ್ವರ ತರಬಲ್ಲದು. ಇವೆಲ್ಲ ಅಲ್ಲವೆಂದು ಖಚಿತವಾದ ಮೇಲಷ್ಟೇ ‘ಪೆಟ್ಟಿನಿಂದಲೇ ಬಂದ ಜ್ವರ’ ಎನ್ನಬೇಕು. ಎರಡನೆಯ ದಿನವೇ ಆ ಮುದ್ರೆ ಒತ್ತಿ ಕೈತೊಳೆದುಕೊಳ್ಳುವ ನನ್ನ ಸಹೋದ್ಯೋಗಿಗಳ ಮೇಲೆ ನನಗೆ ಸಿಟ್ಟಿದೆ.

ಪ್ರಶ್ನೆ: ಜ್ವರ ನೆತ್ತಿಗೇರಿದೆ ಎಂದು ನಾಟಿ ಪಂಡಿತರೊಬ್ಬರು ಹರಳೆಣ್ಣೆಯ ಲೇಪ ಕೊಟ್ಟಿದ್ದಾರೆ. ಹಚ್ಚಬಹುದೇ?

ಉತ್ತರ: ಬುರುಡೆ ತೆರೆದು ಹೊಲಿಗೆ ಹಾಕಿದ ತಲೆಗೆ ಲೇಪ ಕೊಡುವವನು ಪಂಡಿತನಲ್ಲ, ಅದನ್ನು ಎಸೆಯಿರಿ.

ಪ್ರಶ್ನೆ: ಎರಡು ಹನಿ ತೀರ್ಥವನ್ನಾದರೂ ಬಾಯಿಗೆ ಬಿಡಬಹುದೇ?

ಉತ್ತರ: ಬೇಡ. ನಳಿಕೆ ಹಾಕಿದ ಗಂಟಲಲ್ಲಿ ನಿಂತ ನೀರು ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ನಾಳಿನ ಜ್ವರಕ್ಕೆ ಅದೇ ಕಾರಣವಾಗುತ್ತದೆ. ಹಣೆಗೆ ಹಚ್ಚಿ.

ಪ್ರಶ್ನೆ: ಹಣೆ ಮುಟ್ಟಿದರೆ ತಣ್ಣಗಿದೆ, ಮಾನಿಟರ್ 39 ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಮಾನಿಟರನ್ನು. ಅದರ ತಂತಿ ಮೂತ್ರಕೋಶದಲ್ಲೋ ಅನ್ನನಾಳದಲ್ಲೋ ಇರುತ್ತದೆ, ಮಿದುಳು ಅದಕ್ಕಿಂತಲೂ ಬಿಸಿಯಾಗಿರಬಹುದು.